ಮರಳಿಲ್ಲದ ಮರಳುಕಣಿವೆ

ಕೋಟೆಪೇಟೆಯಿಂದ ಪಡುವಣ ಗುಡ್ಡಗಳ ಕಡೆಗೆ ಹೊರಟ ಡಾಂಬರು ರಸ್ತೆ ಬಯಲನ್ನೆಲ್ಲ ದಾಟಿ, ಎರಡು ಕರಿಗಲ್ಲಿನ ಬೆಟ್ಟಗಳ ನಡುವೆ ಏರಿ, ಆಚೆಯ ಬಿದಿರುಕಾಡಿಗೆ ಇಳಿಯುವ ಜಾಗಕ್ಕೆ ಮರಳುಕಣಿವೆ ಎಂದು ಹೆಸರು. ರಸ್ತೆ ಇಲಾಖೆಯವರು ನೆಟ್ಟ ಹಸಿರು ಫಲಕದಲ್ಲೂ ಅದೇ ಹೆಸರಿದೆ. ಹೊಸದಾಗಿ ಬಂದವರು ನೆತ್ತಿಯಲ್ಲಿ ಗಾಡಿ ನಿಲ್ಲಿಸಿ, ಕೆಳಗಿಳಿದು ಮೈಮುರಿದು, ಮೊದಲು ಕೇಳುವ ಪ್ರಶ್ನೆ ಮರಳೆಲ್ಲಿ ಎಂಬುದು. ಹೆಸರನ್ನು ನಂಬಿ ಗುತ್ತಿಗೆದಾರನೊಬ್ಬ ಲಾರಿ ಸಮೇತ ಬಂದು, ಸಂಜೆಯವರೆಗೂ ಹುಡುಕಿ ಖಾಲಿ ಲಾರಿಯಲ್ಲೇ ಹಿಂದಿರುಗಿದ್ದನ್ನು ಬುಡದ ಊರಿನವರಾದ ನಾವು ಇನ್ನೂ ನಗುತ್ತ ಹೇಳಿಕೊಳ್ಳುತ್ತೇವೆ. ಇಲ್ಲಿರುವುದು ಕಾದ ಬಂಡೆ, ಜಾಲಿಯ ಪೊದೆ, ಕಾಲಿಟ್ಟಲ್ಲಿ ಜಾರುವ ಜಲ್ಲಿಕಲ್ಲು. ಹೊಳೆ ಇರುವುದು ಬೆಟ್ಟದ ಆಚೆಗೆ, ಇಳಿಜಾರಿನ ಕೊನೆಯಲ್ಲಿ. ಹಿಡಿ ಮರಳು ಬೇಕಾದರೂ ಅಲ್ಲಿಂದಲೇ ತರಬೇಕು.

ಹೆಸರಿನ ಕಾರಣವನ್ನು ಬಲ್ಲವರು ವರ್ಷಕ್ಕೊಮ್ಮೆ ಇಲ್ಲಿಗೆ ಬರುತ್ತಾರೆ. ಕೋಟೆಪೇಟೆಯ ಮೇದಾರಗೇರಿಯ ಮನೆಗಳವರು ಬಿಸಿಲು ಬಲಿಯುವ ತಿಂಗಳಲ್ಲಿ ಟೆಂಪೊ ಮಾಡಿಕೊಂಡು, ತಮ್ಮ ಹಿರಿಯರು ನಡೆದ ದಾರಿಯಲ್ಲೇ ಹೊರಡುತ್ತಾರೆ. ಈಗಿನ ನೇರ ರಸ್ತೆ ಅವರಿಗೆ ಬೇಡ. ಹಳೆಯ ಕಂದಕದ ಗುರುತಿನಿಂದ ಹೊರಟು, ಹಳ್ಳದ ಕೊರಕಲು ಹಿಡಿದು, ಟೆಂಪೊ ಹೋಗದ ಕಡೆ ಇಳಿದು ನಡೆದು, ಮತ್ತೆ ಹತ್ತಿ, ಸುತ್ತು ಹಾಕಿಕೊಂಡು ಬರುತ್ತಾರೆ. ಒಂದು ವರ್ಷ ನಾನೂ ಅವರ ಜೊತೆ ಕೂತು ಬಂದೆ. ನನ್ನ ಪಕ್ಕದಲ್ಲಿದ್ದ ಕೆಂಚವ್ವ ಎಂಬ ಹಿರಿಯಾಕೆ ದಾರಿಯುದ್ದಕ್ಕೂ ಕೈತೋರಿಸುತ್ತ ಹೇಳಿದ ಸಂಗತಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದೇ ಕಥೆಯನ್ನು ನಮ್ಮೂರಿನ ಹಿರಿಯರ ಬಾಯಲ್ಲೂ ಕೇಳಿದ್ದೆ. ಅವರು ಬಿಟ್ಟದ್ದನ್ನು ಕೆಂಚವ್ವ ಬಿಡಲಿಲ್ಲ, ಅಷ್ಟೇ ವ್ಯತ್ಯಾಸ.

ಹಿಂದೆ, ಪಾಳೆಯಗಾರರ ಕಾಲದಲ್ಲಿ, ಕೋಟೆಗೆ ಒಮ್ಮೆ ಮುತ್ತಿಗೆ ಬಿತ್ತು. ಕೋಟೆಯೊಳಗಿದ್ದ ದೊರೆ ಯಾರು, ಹೊರಗೆ ಬೀಡುಬಿಟ್ಟ ದಂಡು ಯಾವುದು ಎಂಬುದು ಯಾರ ನೆನಪಿನಲ್ಲೂ ಉಳಿದಿಲ್ಲ. ಆ ಮುತ್ತಿಗೆಗೆ ಬೇಕಾದ ಬುಟ್ಟಿಗಳ ನೆನಪು ಮಾತ್ರ ಉಳಿದಿದೆ. ಕೋಟೆಯ ಸುತ್ತ ಆಳವಾದ ಕಂದಕ. ಅದನ್ನು ಮಣ್ಣು ತುಂಬಿ ಮುಚ್ಚದೆ ಗೋಡೆ ಮುಟ್ಟುವಂತಿರಲಿಲ್ಲ. ಮಣ್ಣಿಗೆ ಬುಟ್ಟಿ ಬೇಕು, ಬುಟ್ಟಿಗೆ ಮೇದಾರರು ಬೇಕು. ಗೋಡೆಯ ಹೊರಗೆ ಪೇಟೆಯಲ್ಲಿದ್ದ ಮೇದಾರರ ಕೇರಿಯನ್ನು ದಂಡಿನವರು ಮೊದಲ ದಿನವೇ ವಶಮಾಡಿಕೊಂಡರು. ಹೆಂಗಸರು ಬಿದಿರು ಸೀಳಿ ಬುಟ್ಟಿ ಹೆಣೆಯಬೇಕು, ಗಂಡಸರು ಅದರಲ್ಲಿ ಮಣ್ಣು ಹೊತ್ತು ಕಂದಕಕ್ಕೆ ಸುರಿಯಬೇಕು. ಗೋಡೆಯ ಮೇಲಿನಿಂದ ಬಾಣ, ಕಲ್ಲು, ಕಾದ ಎಣ್ಣೆ. ಬಿದ್ದವರನ್ನು ಎತ್ತಲು ಸಾಲು ನಿಲ್ಲುವಂತಿರಲಿಲ್ಲ. ಹಿಂದಿನವನು ತನ್ನ ಬುಟ್ಟಿಯ ಮಣ್ಣನ್ನು ಅವರ ಮೇಲೆಯೇ ಸುರಿದು ತಿರುಗಬೇಕಾಗಿತ್ತು. ಕೇತ ಎಂಬ ಯುವಕನ ತಂದೆ ಹೀಗೆ ಬಿದ್ದ. ಅವನ ಹಿಂದೆ ಬುಟ್ಟಿ ಹೊತ್ತು ನಿಂತಿದ್ದವನು ಕೇತನೇ. ಚಾವಟಿಯವನು ಪಕ್ಕದಲ್ಲಿದ್ದ. ಕೇತ ಮಣ್ಣು ಸುರಿದು ತಿರುಗಿದ.

ಅವನ ಮನೆಯಲ್ಲಿ ಉಳಿದವರು ಇಬ್ಬರು. ಒಬ್ಬಳು ಹೆಂಡತಿ ದುರುಗಿ. ಇನ್ನೊಬ್ಬಳು ತಂದೆಯ ತಾಯಿ ಮಾಳವ್ವ, ಮಂಡಿ ಹಿಡಿದು ಹೋಗಿ ನಡೆಯಲಾರದ ಮುದುಕಿ. ಪೇಟೆಯ ಸುತ್ತಲಿನ ಬಿದಿರು ಮುಗಿದಾಗ ದಂಡಿನ ನಾಯಕ ಕೇರಿಯವರನ್ನೆಲ್ಲ, ಮಕ್ಕಳು ಮುದುಕರ ಸಮೇತ, ಹಳ್ಳದ ದಂಡೆಯ ಮೆಳೆಗಳಿಗೆ ಕಾವಲಿನಲ್ಲಿ ಕಳಿಸಿದ. ಅಲ್ಲೇ ಕಡಿದು ಅಲ್ಲೇ ಹೆಣೆದು ತರಲಿ ಎಂಬ ಲೆಕ್ಕ. ಆ ಮಧ್ಯಾಹ್ನ ಕೆಂಧೂಳಿನ ಬಿರುಗಾಳಿ ಎದ್ದಿತು. ಕಣ್ಣೆದುರಿನ ಕೈ ಕಾಣದಾದಾಗ ಕಾವಲಿನವರು ಕುದುರೆಗಳನ್ನು ಸಂಭಾಳಿಸುತ್ತ ನಿಂತರು. ಕೇರಿಯವರು ಒಬ್ಬರ ಸೆರಗು ಒಬ್ಬರು ಹಿಡಿದು ಹಳ್ಳದ ಕೊರಕಲಿಗೆ ಇಳಿದುಬಿಟ್ಟರು. ಯಾರೂ ಯೋಜನೆ ಮಾಡಿದ್ದಲ್ಲ. ಒಬ್ಬರು ಇಳಿದರು, ಉಳಿದವರು ಹಿಂಬಾಲಿಸಿದರು. ಯಾರೂ ನುಸುಳದಿರಲೆಂದು ಕೊರಕಲಿನ ಬಾಯಿಗೆ ದಂಡಿನವರು ಕಬ್ಬಿಣದ ಮುಳ್ಳುಗಳನ್ನು ಚೆಲ್ಲಿದ್ದರು. ಅದರಲ್ಲೊಂದು ದುರುಗಿಯ ಅಂಗಾಲಿನೊಳಗೆ ಹೊಕ್ಕಿತು. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ನಡೆದಳು.

ಗಾಳಿ ನಿಂತಾಗ ಎಲ್ಲಿಗೆ ಹೋಗುವುದೆಂಬ ಪ್ರಶ್ನೆ ಎದುರಾಯಿತು. ಗಾಡಿದಾರಿಯಲ್ಲಿ ಸವಾರರಿದ್ದರು. ಸಿಕ್ಕಿದರೆ ಗಂಡಸರಿಗೆ ಕಂದಕ, ಹೆಂಗಸರಿಗೆ ಬೀಡು. ಕೇರಿಯ ಹಿರಿಯ ಹಂಪಯ್ಯ ಪಡುವಣ ಗುಡ್ಡಗಳನ್ನು ನೋಡುತ್ತ, ಅಜ್ಜ ಅಜ್ಜಿಯರು ಅಲ್ಲಿಂದಲೇ ಬಂದದ್ದು ಎಂದ. ಆ ಮಾತು ಎಲ್ಲರೂ ಕೇಳಿದ್ದೇ. ಒಂದು ಕಾಲದಲ್ಲಿ ಗುಡ್ಡದಾಚೆಯ ಬಿದಿರೆಲ್ಲ ಹೂಬಿಟ್ಟು, ಅಕ್ಕಿ ಉದುರಿಸಿ, ಕಾಡಿಗೆ ಕಾಡೇ ಒಣಗಿ ಸತ್ತಿತ್ತು. ಕಸುಬು ಸತ್ತ ಮೇಲೆ ಮೇದಾರರು ಬಯಲಿಗೆ ಇಳಿದಿದ್ದರು. ಇಷ್ಟು ವರ್ಷಗಳಲ್ಲಿ ಹೊಸ ಬಿದಿರು ಎದ್ದಿರಬೇಕು, ಹೊಳೆಯಂತೂ ಇರಲೇಬೇಕು. ಆದರೆ ದಾರಿ? ಆ ದಾರಿಯಲ್ಲಿ ಬಂದವರೆಲ್ಲ ಮಣ್ಣು ಸೇರಿದ್ದರು. ಉಳಿದವಳು ಮಾಳವ್ವ ಒಬ್ಬಳೇ. ಬರುವಾಗ ಆಕೆ ಅಪ್ಪನ ಬೆನ್ನಿನ ಬುಟ್ಟಿಯಲ್ಲಿ ಕೂರುವಷ್ಟು ಸಣ್ಣವಳು.

"ಅಷ್ಟು ಸಣ್ಣೋಳು ಏನು ನೋಡಿರ್ತೀಯವ್ವಾ, ನಿನ್ನ ನಂಬಿಕೊಂಡು ಮಕ್ಕಳನ್ನ ಗುಡ್ಡ ಹತ್ತಿಸ್ಲಾ?" ಎಂದ ಹಂಪಯ್ಯ.

"ಅಪ್ಪ ನನ್ನ ಹಿಂದುಮುಂದಾಗಿ ಕೂರಿಸಿಕೊಂಡಿದ್ದ," ಎಂದಳು ಮಾಳವ್ವ. "ಅವನು ನೋಡಿದ್ದು ಬಯಲು, ನಾನು ನೋಡಿದ್ದು ಗುಡ್ಡ. ಈಗ ನೀವು ಗುಡ್ಡದ ಕಡೆಗೇ ಹೊಂಟೀರಿ. ನಾನು ಕಂಡದ್ದೇ ನಿಮ್ಮೆದುರಿಗೆ ಬರ್ತದೆ."

ಕೇತ ದೊಡ್ಡ ಬುಟ್ಟಿಯೊಂದಕ್ಕೆ ಹಗ್ಗ ಬಿಗಿದು, ಅಲ್ಲಿಯವರೆಗೆ ತೋಳಿನಲ್ಲಿ ಎತ್ತಿ ತಂದಿದ್ದ ಅಜ್ಜಿಯನ್ನು ಅದರಲ್ಲಿ ಕೂರಿಸಿ ಬೆನ್ನಿಗೇರಿಸಿಕೊಂಡ. ಈ ಸಲ ಅವಳ ಮುಖ ಅವನ ಹೆಗಲಿನ ಮೇಲಿಂದ ಮುಂದಕ್ಕಿತ್ತು. ಅವಳು ಹೇಳಿದ ಗುರುತುಗಳು ಮೊದಮೊದಲು ಸಿಗಲಿಲ್ಲ. ಜೋಡಿ ಹುಣಿಸೆ ಎಂದಳು, ಅಲ್ಲಿ ಬರೀ ಬಯಲಿತ್ತು. ಕುರಿಹಟ್ಟಿ ಎಂದಳು, ಅಲ್ಲಿ ಗೆದ್ದಲು ಹುತ್ತಗಳಿದ್ದವು. ಜನ ಗೊಣಗಿದರು. ಆಮೇಲೆ ಮಲಗಿದ ಎಮ್ಮೆಯ ಹಾಗಿನ ಬಂಡೆಯೊಂದು ಅವಳು ಹೇಳಿದ ಕಡೆಯೇ ಎದ್ದು ನಿಂತಾಗ ಗೊಣಗಾಟ ನಿಂತಿತು. ಬಂಡೆಯ ಹತ್ತಿರ ದಾರಿ ಕವಲೊಡೆದಿತ್ತು. ಬಲಕ್ಕೆ ಹೋದದ್ದು ಅಗಲ, ಎಡಕ್ಕೆ ಹೋದದ್ದು ಮೇಕೆ ತುಳಿದಷ್ಟು. ಹಂಪಯ್ಯ ಬಲಕ್ಕೆ ತಿರುಗಿದ. ಮಾಳವ್ವ ಮೊಮ್ಮಗನ ಎಡಗಿವಿಯನ್ನು ಹಿಡಿದು ಜಗ್ಗಿದಳು. "ಎಮ್ಮೆ ಮುಖ ನನ್ನ ಕಡೆಗಿತ್ತು, ಬಾಲ ಅಲ್ಲ," ಎಂದಳು. ಎಡದಾರಿಯಲ್ಲಿ ಸ್ವಲ್ಪ ಹೋಗಿ ನೋಡಿದರೆ ಬಂಡೆ ಮುಖ ತಿರುಗಿಸಿ ಅವರನ್ನೇ ನೋಡುತ್ತಿತ್ತು. ಆ ಕಡೆ ಈಗಲೂ ಟೆಂಪೊ ಹೋಗುವುದಿಲ್ಲ. ನಾವು ಹೋದಾಗ ಕೆಂಚವ್ವ ನೋಯುವ ಮಂಡಿಯಲ್ಲೇ ಇಳಿದು, ಮಗನ ಹೆಗಲು ಹಿಡಿದು ನಡೆದು, ಎಮ್ಮೆಯ ಮೂತಿಯನ್ನು ಸವರಿ ಬಂದಳು.

ನೀರು ಅವರನ್ನು ಕೈಬಿಟ್ಟಿತು. ಅಜ್ಜಿ ಹೇಳಿದ ಒರತೆ ಅಲ್ಲಿಯೇ ಇತ್ತು. ಆದರೆ ಎಲೆ ಕೊಳೆತು, ಕಲ್ಲು ಬಿದ್ದು ಮುಚ್ಚಿಹೋಗಿತ್ತು. ಕೈಯಲ್ಲೇ ತೋಡಿದರು. ಬಂದ ಕೆಸರನ್ನು ಬಟ್ಟೆಯಲ್ಲಿ ಹಿಂಡಿ ಮಕ್ಕಳ ಬಾಯಿಗೆ ಬಿಟ್ಟರು. ದೊಡ್ಡವರ ಪಾಲಿಗೆ ಒದ್ದೆ ಬಟ್ಟೆ ಸಿಕ್ಕಿತು. ರಾತ್ರಿ ಅಲ್ಲೇ ಕಳೆದು ಬೆಳಗಾಗುವಷ್ಟರಲ್ಲಿ ದುರುಗಿಯ ಪಾದ ಮಡಿಕೆಯಂತೆ ಊದಿ ಮೈ ಕೆಂಡವಾಗಿತ್ತು. ಕೇತನ ಒಂದು ಕೈ ಅವಳ ಸೊಂಟದಲ್ಲಿ, ಬೆನ್ನಿನಲ್ಲಿ ಅಜ್ಜಿ. ಹೀಗೇ ಕಣಿವೆಯ ಬುಡ ಮುಟ್ಟಿದಾಗ ಬಯಲಿನ ಕಡೆ ಧೂಳು ಕಂಡಿತು. ಸವಾರರು ಎಂದು ಯಾರೋ ಅಂದರು. ಹಂಪಯ್ಯ ಎಲ್ಲರನ್ನೂ ಏರುದಾರಿಗೆ ಅಟ್ಟಿದ. ಒಬ್ಬೊಬ್ಬರ ತೋಳಿನಲ್ಲೂ ಮಗು, ಹೆಗಲಿನಲ್ಲೂ ಮಗು. ಕೇತ ಎಲ್ಲರ ಮುಖವನ್ನೂ ನೋಡಿದ. ಬರಿಗೈಯವರು ಯಾರೂ ಇರಲಿಲ್ಲ. ಅಲ್ಲಿಯೇ ದುರುಗಿ ಕುಸಿದಳು.

ಅವಳು ಕುಸಿದದ್ದು ಒಂದು ಚಪ್ಪಟೆ ಕಲ್ಲಿನ ಬಳಿ. ಮಾಳವ್ವ ಆ ಕಲ್ಲನ್ನು ನೋಡಿ ಇಳಿಸು ಎಂದಳು. ಇಳಿಸಿದ ಮೇಲೆ ಅದರ ಮೇಲೆ ಅಂಗೈ ಊರಿದಳು. ಆಮೇಲೆ, ಮಗನಿಗೂ ಹೇಳದೆ ಇಟ್ಟುಕೊಂಡಿದ್ದ ಮಾತನ್ನು ಮೊಮ್ಮಗನಿಗೆ ಹೇಳಿದಳು.

"ನಮ್ಮವ್ವ ಇಲ್ಲೇ ಕೂತಳು. ಜ್ವರ ಬಂದು ಕಾಲು ಸೋತಿತ್ತು. ಅಪ್ಪನಿಗೆ ಒಬ್ಬರನ್ನೇ ಹೊರೋಕಾಗ್ತಿತ್ತು, ನನ್ನ ಹೊತ್ತ. ಮರಳಿ ಬರ್ತೀನಿ ಅಂತ ಅವಳಿಗೆ ಹೇಳಿದ. ನಾನು ಹಿಂದುಮುಂದಾಗಿ ಕೂತಿದ್ನಲ್ಲ, ಅವ್ವ ಸಣ್ಣಗಾಗ್ತಾ ಹೋಗೋದು ಕಾಣ್ತಾನೇ ಇತ್ತು. ಕಲ್ಲಿನಷ್ಟಾದಳು, ಕಾಗೆಯಷ್ಟಾದಳು, ಆಮೇಲೆ ಇರಲಿಲ್ಲ."

"ನಿಮ್ಮಪ್ಪ ಮರಳಿ ಹೋಗಲಿಲ್ವಾ?" ಎಂದು ಕೇಳಿದವಳು ದುರುಗಿ. ನೆಲದ ಮೇಲೆ ಮಲಗಿಯೇ ಕೇಳಿದಳು.

"ಹೋಗಿದ್ದೆ, ಕಲ್ಲು ಖಾಲಿ ಇತ್ತು ಅಂದ. ಹೋಗಿದ್ನೋ ಇಲ್ವೋ, ನಂಗೆ ಗೊತ್ತಿಲ್ಲ. ಸಾಯೋತನಕ ಅವನು ಗುಡ್ಡದ ಕಡೆ ಮುಖ ಮಾಡಿ ಕೂತದ್ದು ನಾನು ನೋಡಲಿಲ್ಲ."

ಇಷ್ಟು ಹೇಳಿ ಮುದುಕಿ ಬುಟ್ಟಿಯನ್ನು ದುರುಗಿಯ ಕಡೆಗೆ ತಳ್ಳಿದಳು. ಇವಳನ್ನು ಹೊರು, ನಾನು ಅವ್ವನ ಜಾಗದಲ್ಲಿ ಕೂರುತ್ತೇನೆ ಎಂದಳು. ದುರುಗಿ ಬುಟ್ಟಿಯನ್ನು ಹಿಂದಕ್ಕೆ ತಳ್ಳಿದಳು. ಅಜ್ಜಿಗೆ ದಾರಿ ಗೊತ್ತು, ಅವಳಿಲ್ಲದೆ ಮುಂದಿನವರೆಲ್ಲ ಸಾಯುತ್ತಾರೆ, ನನ್ನನ್ನು ಬಿಡು ಎಂದಳು. ಇಬ್ಬರೂ ಒಬ್ಬರನ್ನೊಬ್ಬರು ಉಳಿಸಲು ಹಟ ಹಿಡಿದರೆ ನಡುವೆ ನಿಂತ ಕೇತನಿಗೆ ಸಿಟ್ಟು ಬಂತು. "ಒಬ್ಬರ ಮೇಲೆ ಮಣ್ಣು ಸುರಿದು ಬಂದೀನಿ, ಇನ್ನೊಬ್ಬರ ಮೇಲೆ ಸುರಿಯಲ್ಲ," ಎಂದ. ಅಪ್ಪನ ಸಾವಿನ ಬಗ್ಗೆ ಅವನು ಆಡಿದ ಮಾತು ಅದೊಂದೇ ಎನ್ನುತ್ತಾರೆ.

ಅವನು ಅಜ್ಜಿಯನ್ನು ಹೊತ್ತು, ಕೂಗಿದರೆ ಕೇಳಿಸುವಷ್ಟು ದೂರ ಏರಿ, ಒಂದು ಕಲ್ಲಿನ ಮೇಲೆ ಕೂರಿಸಿದ. "ಮರಳಿ ಬರ್ತೀನಿ," ಎಂದು ಹೇಳಿ ಇಳಿದ. ದುರುಗಿಯನ್ನು ಅದೇ ಬುಟ್ಟಿಯಲ್ಲಿ ಹೊತ್ತು ತಂದು ಅಜ್ಜಿಯ ಪಕ್ಕದ ಕಲ್ಲಿಗೆ ಒರಗಿಸಿದ. ದುರುಗಿಗೂ ಅದೇ ಮಾತು ಹೇಳಿ ಅಜ್ಜಿಯನ್ನು ಮುಂದಕ್ಕೆ ಹೊತ್ತ. ಹೀಗೆ ಕಣಿವೆಯ ಪ್ರತಿ ತುಂಡನ್ನೂ ಅವನು ಹೊರೆ ಹೊತ್ತು ಎರಡು ಸಲ ಏರಿದ, ಬರಿ ಬುಟ್ಟಿ ಹಿಡಿದು ಒಂದು ಸಲ ಇಳಿದ. ಕಲ್ಲು ಕಾದು ಅಂಗಾಲು ಸುಡುತ್ತಿತ್ತು. ಹಗ್ಗ ಹೆಗಲನ್ನು ಕೊಯ್ದಿತು. ಮೊದಲು ರಕ್ತ ಬಂತು, ಆಮೇಲೆ ಅದೂ ಒಣಗಿ ಹಗ್ಗಕ್ಕೆ ಅಂಟಿಕೊಂಡಿತು. ಜೊತೆಯವರು ನೆತ್ತಿ ದಾಟಿ ಮರೆಯಾದರು. ಅವನು ಮರಳಿ ಬರುತ್ತೇನೆ ಎಂದಾಗಲೆಲ್ಲ ದುರುಗಿ ಹೂಂ ಎನ್ನುತ್ತಿದ್ದಳು. ಆ ಮಾತನ್ನು ಮಾಳವ್ವ ಹಿಂದೆ ಒಮ್ಮೆ ಕೇಳಿದ್ದಳು. ಅವನ ತಲೆ ಇಳಿಜಾರಿನಲ್ಲಿ ಮುಳುಗಿದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಕಲ್ಲು ಉರುಳುವ ಸದ್ದಾಗಿ, ಉಸಿರು ಕೇಳಿ, ಅವನ ಬೆವರಿನ ವಾಸನೆ ಹತ್ತಿರವಾದಾಗಲೇ ತೆರೆಯುತ್ತಿದ್ದಳು.

ನೆತ್ತಿ ಮುಟ್ಟಿದಾಗ ಹೊತ್ತು ವಾಲಿತ್ತು. ಆಚೆ ಬದಿಯಲ್ಲಿ ಕಣ್ಣು ಹಾಯುವಷ್ಟೂ ಬಿದಿರು, ಅದರ ಬುಡದಲ್ಲಿ ಹೊಳೆಯ ಬೆಳಕು. ಕೇತ ಅದನ್ನು ಸರಿಯಾಗಿ ನೋಡಲೂ ಇಲ್ಲ. ಅಜ್ಜಿಯನ್ನು ಇಳಿಸಿದ, ಈ ಸಲ ಮಾತು ಹೊರಡಲಿಲ್ಲ, ನಾಲಿಗೆ ಒಣಗಿತ್ತು, ಕೈಯಲ್ಲೇ ಸನ್ನೆ ಮಾಡಿ ಇಳಿದ. ಮಾಳವ್ವ ಕಣ್ಣು ಮುಚ್ಚಿ ಕಾದಳು. ಕಲ್ಲು ಉರುಳುವ ಸದ್ದಾಯಿತು, ಒಂದು ಸಲ ಜೋರಾಗಿ. ಆಮೇಲೆ ಏನೂ ಕೇಳಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಕೆಳಗೆ, ಕೊನೆಯ ಸಲ ತಂಗಿದ ಜಾಗದಲ್ಲಿ, ದುರುಗಿ ಕಲ್ಲಿಗೆ ಒರಗಿದ್ದಳು. ಅವಳ ಮುಂದೆ ಕೇತ ಬೋರಲು ಬಿದ್ದಿದ್ದ. ಬುಟ್ಟಿ ಉರುಳಿಕೊಂಡು ಜಾಲಿಗೆ ಸಿಕ್ಕಿತ್ತು. ಅವಳು ಕೂಗಿದಳು. ದುರುಗಿಯ ಕೈ ತುಸು ಎದ್ದು ಬಿತ್ತು. ಕೇತ ಅಲುಗಲಿಲ್ಲ.

ಆ ಹೊತ್ತಿಗೆ ಹೊಳೆಯ ಕಡೆಯಿಂದ ಹಂಪಯ್ಯ ಏರಿ ಬಂದ. ಕೈಯಲ್ಲಿ ಬಿದಿರಿನ ಗಿಣ್ಣು ಕಡಿದು ಮಾಡಿದ ಅಂಡೆ, ಅದರ ತುಂಬ ನೀರು. ಕೆಳಗೆ ಇಣುಕಿ ನೋಡಿದ. ಬಯಲಿನ ಧೂಳು ಇನ್ನೂ ಹತ್ತಿರವಾಗಿತ್ತು. ಅವನು ಕೆಟ್ಟವನಲ್ಲ. ಹೊಳೆಯ ದಂಡೆಯಲ್ಲಿ ಅವನದೇ ಮೊಮ್ಮಕ್ಕಳಿದ್ದರು.

"ಬಾರವ್ವ, ನಿನ್ನ ಹೊತ್ಕೊಂಡು ಇಳೀತೀನಿ. ಅವರ ಆಸೆ ಬಿಡು. ಅಲ್ಲಿಗೆ ಹೋದೋರು ಸಿಕ್ಕಿಬೀಳ್ತಾರೆ."

"ನಮ್ಮಪ್ಪನಿಗೂ ಯಾರೋ ಹಿಂಗೇ ಹೇಳಿರಬೇಕು," ಎಂದಳು ಮಾಳವ್ವ. ಅವನ ಕೈಯಿಂದ ಅಂಡೆಯನ್ನು ತೆಗೆದುಕೊಂಡಳು. ನೀರು ಚೆಲ್ಲದಂತೆ ಸೆರಗು ಹರಿದು ಅದರ ಬಾಯಿಗೆ ತುರುಕಿ, ಅದನ್ನು ಮಗುವಿನ ಹಾಗೆ ಎದೆಗೆ ಕಟ್ಟಿಕೊಂಡಳು. ಹಂಪಯ್ಯ ಬೇಡವೆಂದು ತೋಳು ಹಿಡಿದ. ಅವಳು ಆ ಕೈಯನ್ನು ಬಿಡಿಸಿಕೊಂಡು, ಕಲ್ಲಿನಿಂದ ಜಾರಿ ನೆಲಕ್ಕಿಳಿದು, ಕುಳಿತಲ್ಲಿಂದಲೇ ಅಂಗೈ ಊರಿ ಕೆಳಗೆ ತೆವಳತೊಡಗಿದಳು. ನಡೆಯಲಾರದ ಮುದುಕಿ, ಕಾದ ಜಲ್ಲಿ, ಮೊಮ್ಮಗ ಇಡೀ ದಿನ ಅವಳನ್ನು ಹೊತ್ತು ಏರಿದ ದಾರಿ. ಹಂಪಯ್ಯ ಸ್ವಲ್ಪ ಹೊತ್ತು ನೋಡಿದ. ನೋಡಲಾಗದೆ ತಿರುಗಿ ಹೊಳೆಯ ಕಡೆ ಓಡಿದ.

ಅವಳು ಹೇಗೆ ಇಳಿದಳೆಂದು ಕೊನೆಯವರೆಗೂ ಕಂಡವಳು ದುರುಗಿ ಒಬ್ಬಳೇ. ಜಾರುವಾಗ ಅಂಡೆ ಕಲ್ಲಿಗೆ ಬಡಿಯದಿರಲೆಂದು ಬೆನ್ನನ್ನೇ ಕೊಡುತ್ತಿದ್ದಳಂತೆ. ಅಲ್ಲಲ್ಲಿ ನಿಂತು, ಮೊಮ್ಮಗನ ಹೆಸರು ಕೂಗಿ, ಮತ್ತೆ ತೆವಳುತ್ತಿದ್ದಳಂತೆ. ಮುಟ್ಟಿದಾಗ ಸೀರೆ ಹರಿದು, ಅಂಗೈಗಳಲ್ಲಿ ಚರ್ಮ ಉಳಿದಿರಲಿಲ್ಲ. ಕೇತನ ತಲೆಯನ್ನು ತೊಡೆಗೆ ಎಳೆದುಕೊಂಡು, ಬಟ್ಟೆಯನ್ನು ನೀರಿನಲ್ಲಿ ಅದ್ದಿ ಅವನ ತುಟಿಗಿಟ್ಟಳು. ದುರುಗಿಯ ಬಾಯಿಗೂ ಹನಿಸಿದಳು. ಆಮೇಲೆ ಒಂದೊಂದೇ ಗುಟುಕು. ಕೇತ ಕೆಮ್ಮಿ ಕಣ್ಣು ಬಿಟ್ಟ. ಎದುರಿಗೆ ಅಜ್ಜಿಯನ್ನು ಕಂಡು ಅವನಿಗೆ ತಾನೆಲ್ಲಿದ್ದೇನೆಂದೇ ತಿಳಿಯಲಿಲ್ಲ.

"ನಿನ್ನನ್ನ ಮೇಲೆ ಬಿಟ್ಟು ಬಂದಿದ್ನಲ್ಲಜ್ಜಿ," ಎಂದ.

"ಮರಳಿ ಬಂದೆ ಕಣಪ್ಪಾ."

ಅಂಡೆಯಲ್ಲಿ ಉಳಿದಿದ್ದನ್ನು ಕುಡಿ ಎಂದು ದುರುಗಿ ಹೇಳಿದಳು. ಮಾಳವ್ವ ಅದನ್ನೂ ಅವಳ ಬಾಯಿಗೇ ಬಗ್ಗಿಸಿದಳು. ಬೆಳಗಿನಿಂದ ಆ ಮುದುಕಿಯ ಗಂಟಲಿಗೆ ಹನಿ ನೀರೂ ಇಳಿದಿರಲಿಲ್ಲ ಎಂಬುದು ಅವರಿಬ್ಬರಿಗೆ ಆಗ ಹೊಳೆಯಿತು. ಹೊಳೆದಾಗ ಅಂಡೆ ಬರಿದಾಗಿತ್ತು. ಅವಳು ಇಬ್ಬರ ನಡುವೆ ಒರಗಿ, ಬಯಲಿನ ಕಡೆ ನೋಡುತ್ತ, "ಅವ್ವ ಸಿಕ್ಕರೆ ಹೇಳ್ತೀನಿ, ನಮ್ಮ ಮನೆಯೋರು ಒಬ್ಬರಾದ್ರೂ ಮರಳಿ ಬಂದ್ರು ಅಂತ," ಎಂದಳು. ಕತ್ತಲಾಗುವ ಮುಂಚೆ ಹಂಪಯ್ಯ ಬಂದ. ಹೊಳೆಯ ದಂಡೆಯಲ್ಲಿ ಅವನು ಏನು ಹೇಳಿದನೋ ತಿಳಿಯದು, ಮಕ್ಕಳನ್ನು ಹೆಂಗಸರ ವಶಕ್ಕೆ ಬಿಟ್ಟು ಗಂಡಸರೆಲ್ಲ ಅವನ ಹಿಂದೆ ಬಂದಿದ್ದರು. ಕೇತನನ್ನೂ ದುರುಗಿಯನ್ನೂ ಎತ್ತಿಕೊಂಡರು. ಮಾಳವ್ವನನ್ನು ಎತ್ತಲು ಬಗ್ಗಿದವನು ಅಲ್ಲೇ ಮಂಡಿಯೂರಿ ಕುಳಿತ. ಅವಳ ಮೈ ತಣ್ಣಗಾಗಿತ್ತು. ಬಯಲಿನ ಧೂಳು ಸವಾರರದಲ್ಲ, ಮೇವಿಗೆ ಹೊರಟ ಕುರಿಮಂದೆಯದು ಎಂದು ಮಾರನೆಯ ದಿನ ಕುರುಬರು ಬಂದಾಗ ತಿಳಿಯಿತು. ದಂಡಿನವರು ಇವರನ್ನು ಹುಡುಕಲು ಯಾರನ್ನೂ ಕಳಿಸಿರಲೇ ಇಲ್ಲ. ಅದನ್ನು ಕೇಳಿ ಕೇತ ಹೊಳೆಯ ದಂಡೆಯಲ್ಲಿ ಅತ್ತದ್ದನ್ನು ನಿಲ್ಲಿಸಲು ಯಾರಿಂದಲೂ ಆಗಲಿಲ್ಲವಂತೆ.

ಅವಳು ಸತ್ತಲ್ಲಿಯೇ ಮಣ್ಣು ಮಾಡಿದರು. ಬುಟ್ಟಿಯಿಂದ ಬುಟ್ಟಿಗೆ ಮಣ್ಣನ್ನು ಕೈ ದಾಟಿಸಿದರು. ಕೇತ ಮಾತ್ರ ಬುಟ್ಟಿ ಮುಟ್ಟಲಿಲ್ಲ, ಹಿಡಿಹಿಡಿಯಾಗಿ ಕೈಯಲ್ಲೇ ಇಟ್ಟ. ದುರುಗಿಯ ಕಾಲು ಉಳಿಯಿತು, ಕುಂಟು ಉಳಿಯಿತು. ಅವಳ ಮಕ್ಕಳ ಮಕ್ಕಳು ಎಷ್ಟೋ ತಲೆಮಾರು ಬಿದಿರುಕಾಡಿನಲ್ಲಿದ್ದು, ಕಾಲ ತಿಳಿಯಾದ ಮೇಲೆ ಮತ್ತೆ ಕೋಟೆಪೇಟೆ ಸೇರಿದರು. ಮುದುಕಿ ಮರಳಿದ ಕಣಿವೆ ಎಂದು ಅವರು ಕರೆದದ್ದು ಬಾಯಿಂದ ಬಾಯಿಗೆ ಸವೆದು ಮರಳುಕಣಿವೆಯಾಯಿತು ಎನ್ನುತ್ತಾರೆ.

ಈಗಲೂ ಹೊಸ ರಸ್ತೆಯ ಪಕ್ಕದ ಹಳೆಯ ಕಾಲುದಾರಿಯಲ್ಲಿ, ಬುಡದಿಂದ ಮೇಲಕ್ಕೆ, ಕೂಗಳತೆಗೊಂದರಂತೆ ಜೋಡಿ ಕಲ್ಲುಗಳು ಕಾಣುತ್ತವೆ. ಎಲ್ಲವೂ ಕೂರುವಷ್ಟು ಎತ್ತರ, ಎಲ್ಲದರ ನೆತ್ತಿಯೂ ನುಣುಪು. ಕಣಿವೆಯ ತುದಿಯಲ್ಲಿರುವುದು ಮಾತ್ರ ಒಂಟಿ ಕಲ್ಲು. ಅದರಿಂದ ಕೊನೆಯ ಜೋಡಿಯವರೆಗೆ ಬಂಡೆಯ ಮೇಲೆ ಬೆಳ್ಳನೆಯ ಗೀರೊಂದು ಇಳಿದುಹೋಗಿದೆ. ಮಳೆನೀರು ಹರಿದು ಆದದ್ದು ಎನ್ನುವವರೂ ಇದ್ದಾರೆ. ಮೇದಾರಗೇರಿಯವರ ಟೆಂಪೊ ಬುಡದಿಂದ ಮಾತ್ರ ಹೊಸ ರಸ್ತೆ ಹಿಡಿದು ನೆತ್ತಿಗೆ ಬಂದು ನಿಲ್ಲುತ್ತದೆ. ಆಚೆ ಬದಿಯಲ್ಲಿ ತಣ್ಣನೆಯ ಬಿದಿರುಕಾಡು, ಹೊಳೆ, ಅಡುಗೆಗೆ ನೆರಳು ಎಲ್ಲ ಇದ್ದರೂ ಅವರು ಮೊದಲು ಅತ್ತ ಹೋಗುವುದಿಲ್ಲ. ಕೊಡ, ಬಾಟಲಿ, ಕ್ಯಾನು, ಕೈಗೆ ಸಿಕ್ಕಿದ್ದರಲ್ಲಿ ನೀರು ತುಂಬಿಕೊಂಡು ಬಿಸಿಲಿನ ಬದಿಗೆ ಇಳಿಯುತ್ತಾರೆ. ನಾನು ಜೊತೆಗೆ ಹೋಗಿದ್ದ ವರ್ಷ ಕೆಂಚವ್ವನ ಮಂಡಿಯೂ ಹಿಡಿದಿತ್ತು. ಮಗ ಹೊತ್ತುಕೊಳ್ಳುತ್ತೇನೆಂದರೂ ಕೇಳದೆ, ಒಂಟಿ ಕಲ್ಲಿನಿಂದ ನೆಲಕ್ಕೆ ಜಾರಿ, ನೀರಿನ ಬಾಟಲಿಯನ್ನು ಮಡಿಲಿಗೆ ಕಟ್ಟಿಕೊಂಡು ಕುಳಿತಲ್ಲಿಂದಲೇ ಇಳಿದಳು. ರಸ್ತೆಯಲ್ಲಿ ಕಾರು ನಿಲ್ಲಿಸಿದ್ದ ಯಾರೋ, ಇವರೆಲ್ಲ ಏನನ್ನೋ ಕಳೆದುಕೊಂಡು ಹುಡುಕುತ್ತಿದ್ದಾರೆಂದುಕೊಂಡು, ಏನು ಬಿದ್ದುಹೋಯಿತು ಎಂದು ಮೇಲಿನಿಂದ ಕೂಗಿ ಕೇಳಿದರು. ಕೆಳಗೆ ಎಲ್ಲರೂ ಕೊನೆಯ ಜೋಡಿ ಕಲ್ಲಿನ ಸುತ್ತ ಬಗ್ಗಿ ನೀರು ಹನಿಸುತ್ತಿದ್ದರು.